ಪ್ರಾಕ್ಸ್‌ಮಾಕ್ಸ್‌ಗೆ ಬಂದ ಮೇಲೆ ವಿಎಂ ಯಾಕೆ ತೆವಳುತ್ತಿದೆ?

ಪ್ರಶ್ನೆ: ಸರ್, ನಾನು ಹೋಲ್‌ಸೇಲ್ ಔಷಧಿ ವ್ಯಾಪಾರದ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ವಿಂಡೋಸ್ ಸರ್ವರ್ 2019ರ ಒಂದು ವಿಎಂನಲ್ಲಿದೆ (ಸರ್ವರ್‌ನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್). ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2019 ಎಕ್ಸ್‌ಪ್ರೆಸ್. ಮೊದಲು ಇದು ವಿಎಂವೇರ್ ಇಎಸ್‌ಎಕ್ಸ್‌ಐ 6.7ರ ಮೇಲಿತ್ತು: ಹಳೆಯ ಸರ್ವರ್, ಬ್ಯಾಟರಿ ಇರುವ ರೇಡ್ ಕಾರ್ಡ್ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಿಭಾಯಿಸುವ ಕಾರ್ಡ್), ನಾಲ್ಕು ಎಸ್‌ಎಎಸ್ ಹಾರ್ಡ್‌ಡಿಸ್ಕ್. ಈಗ ಹೊಸ ಸರ್ವರ್ ತಂದು, ಅದರ ಹಾಗೆಯೇ ವಿಎಂಗಳನ್ನು ಓಡಿಸುವ ಪ್ರಾಕ್ಸ್‌ಮಾಕ್ಸ್ 8 ಹಾಕಿದ್ದೇವೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಎಸ್‌ಎಸ್‌ಡಿ ಎರಡನ್ನು ಜೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂನಲ್ಲಿ ಮಿರರ್ ಮಾಡಿ (ಎರಡರಲ್ಲೂ ಒಂದೇ ಡೇಟಾ ಇರುವ ಹಾಗೆ), ವಿಎಂ ಡಿಸ್ಕ್ ಕಾಪಿ ಮಾಡಿ ತಂದೆ. ವರ್ಟ್‌ಐಒ ಡಿಸ್ಕ್ ಎಂದು ಕೊಟ್ಟರೆ ವಿಂಡೋಸ್ ನೀಲಿ ಸ್ಕ್ರೀನ್ ತೋರಿಸಿ ನಿಂತಿತು. ಅದಕ್ಕೆ ಸಾಟಾ ಎಂದು ಕೊಟ್ಟೆ, ಬೂಟ್ ಆಯಿತು. ನೆಟ್‌ವರ್ಕ್ ಕಾರ್ಡ್ ಇ1000. ಸಿಪಿಯು 4 ಸಾಕೆಟ್ (ಪ್ರೊಸೆಸರ್ ಚಿಪ್), ತಲಾ 1 ಕೋರ್ ಎಂದು ಕೊಟ್ಟಿದ್ದೇನೆ. ಹಳೆಯದರಲ್ಲಿ 1 ಸಾಕೆಟ್, 4 ಕೋರ್ ಇತ್ತು.

ಅಂದಿನಿಂದ ಎಲ್ಲ ನಿಧಾನ. ಒಂದು ಬಿಲ್ ಸೇವ್ ಆಗಲು ಐದಾರು ಸೆಕೆಂಡ್. ಸ್ಟಾಕ್ ರಿಪೋರ್ಟ್ ಮೊದಲು ಅರ್ಧ ನಿಮಿಷಕ್ಕೆ ಬರುತ್ತಿತ್ತು, ಈಗ ಮೂರು ನಿಮಿಷ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ಎಂದು ತೋರಿಸುತ್ತದೆ, ಆದರೆ ವೇಗ ಮಾತ್ರ ಸೆಕೆಂಡಿಗೆ 2–3 ಎಂಬಿ. ರಿಪೋರ್ಟ್ ತೆಗೆಯುವಾಗ ಸಿಪಿಯು 25–30% ದಾಟುವುದೇ ಇಲ್ಲ. ಮಧ್ಯಾಹ್ನ ಒಂದರ ಸುಮಾರಿಗೆ ಇನ್ನೂ ಕೆಡುತ್ತದೆ. ಆ ಹೊತ್ತಿಗೆ ಎನ್‌ಎಎಸ್‌ಗೆ (ನೆಟ್‌ವರ್ಕ್‌ನಲ್ಲಿರುವ ಸ್ಟೋರೇಜ್ ಪೆಟ್ಟಿಗೆ) ಬ್ಯಾಕಪ್ ಇಟ್ಟಿದ್ದೇನೆ. ರ‍್ಯಾಮ್ 16ರಿಂದ 32 ಜಿಬಿ ಮಾಡಿದೆ, ಏನೂ ಬದಲಾಗಲಿಲ್ಲ. ಸಿಪಿಯು 16 ಮಾಡು, ಡಿಸ್ಕ್ ಕ್ಯಾಶ್ ‘ಅನ್‌ಸೇಫ್’ ಮಾಡು, ಹಾರಿಕೊಂಡು ಹೋಗುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಮಾಲೀಕರು ವಾಪಸ್ ವಿಎಂವೇರ್‌ಗೆ ಹೋಗೋಣ ಅನ್ನುತ್ತಿದ್ದಾರೆ. ಪ್ರಾಕ್ಸ್‌ಮಾಕ್ಸೇ ನಿಧಾನವಾ? ನಾನೇನು ಮಾಡಲಿ?

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. ದುಡ್ಡು ಕೊಟ್ಟು ಹೊಸ ಸರ್ವರ್ ತಂದು, ಹಳೆಯದಕ್ಕಿಂತ ನಿಧಾನ ಆದರೆ ಎಲ್ಲರೂ ಅಡ್ಮಿನ್ ಕಡೆಗೇ ನೋಡುತ್ತಾರೆ. ಆದರೆ ನೀವು ಒಂದು ಕೆಲಸ ಚೆನ್ನಾಗಿ ಮಾಡಿದ್ದೀರಿ. ಸುಮ್ನೆ ‘ಸ್ಲೋ ಇದೆ’ ಎಂದು ಬರೆಯದೆ ಅಂಕಿಗಳನ್ನು ಕೊಟ್ಟಿದ್ದೀರಿ. ಕಾರಣಗಳೂ ಬಹುಪಾಲು ಅದರಲ್ಲೇ ಇವೆ.

ಮೊದಲು ಮಾಲೀಕರ ಪ್ರಶ್ನೆಗೆ ಬರೋಣ. ಪ್ರಾಕ್ಸ್‌ಮಾಕ್ಸ್ ನಿಧಾನ ಅಲ್ಲ. ಅದರ ಒಳಗಿರುವುದು ಕೆವಿಎಂ ಎಂಬ ಹೈಪರ್‌ವೈಸರ್, ಅಂದರೆ ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್. 2007ರಿಂದ ಲಿನಕ್ಸ್ ಕರ್ನಲ್‌ನ ಭಾಗವಾಗಿದೆ. ಗೂಗಲ್ ಕ್ಲೌಡ್‌ನ ವಿಎಂಗಳು ಓಡುವುದು ಕೆವಿಎಂ ಮೇಲೆ, ಅಮೆಜಾನ್‌ನ ನೈಟ್ರೋ ಹೈಪರ್‌ವೈಸರ್ ಕಟ್ಟಿರುವುದೂ ಕೆವಿಎಂ ಮೇಲೆಯೇ. ವಾಪಸ್ ಹೋಗುವ ದಾರಿಯೂ ಅಷ್ಟು ಸುಲಭ ಇಲ್ಲ. ಇಎಸ್‌ಎಕ್ಸ್‌ಐ 6.7ರ ಸಾಮಾನ್ಯ ಬೆಂಬಲ 2022ರ ಅಕ್ಟೋಬರ್ 15ಕ್ಕೇ ಮುಗಿದಿದೆ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡ ಮೇಲೆ, ಒಮ್ಮೆ ಕೊಂಡರೆ ಕಾಯಂ ಅನ್ನುವ ಲೈಸೆನ್ಸ್ ಮಾರಾಟವನ್ನೇ ನಿಲ್ಲಿಸಿ ಚಂದಾ ಪದ್ಧತಿಗೆ ತಂದರು. ತುರ್ತಿಗೆ ನಾಲ್ಕು ದಿನ ಹಳೆಯ ಸರ್ವರ್‌ಗೆ ಹೋಗಿ ಬರಬಹುದು. ಅಲ್ಲೇ ಕೂರಬೇಡಿ.

ಹಾಗಾದರೆ ತೊಂದರೆ ಎಲ್ಲಿ? ವಿಎಂ ಡಿಸ್ಕ್ ಕಾಪಿ ಮಾಡಿದಾಗ ವಿಂಡೋಸ್ ಬರುತ್ತದೆ, ಡೇಟಾ ಬರುತ್ತದೆ. ಹಳೆಯ ಕಡೆ ಅದಕ್ಕೆ ಒದಗಿದ್ದ ಅನುಕೂಲಗಳು ಬರುವುದಿಲ್ಲ. ಅಲ್ಲಿ ವಿಎಂವೇರ್‌ನ ಡಿಸ್ಕ್ ಡ್ರೈವರ್ ಇತ್ತು, ಸರಿಯಾದ ಸಾಕೆಟ್-ಕೋರ್ ಲೆಕ್ಕ ಇತ್ತು, ಎಲ್ಲಕ್ಕಿಂತ ಮುಖ್ಯವಾಗಿ ಬ್ಯಾಟರಿ ಇರುವ ರೇಡ್ ಕಾರ್ಡ್ ಇತ್ತು. ನಿಮ್ಮಲ್ಲಿ ಈ ಮೂರೂ ಒಟ್ಟಿಗೇ ಹೋಗಿವೆ.

ಸಿಪಿಯುವಿನಿಂದ ಶುರು ಮಾಡೋಣ, ಅದು ಎಲ್ಲಕ್ಕಿಂತ ಸುಲಭ. ನಾಲ್ಕು ಸಿಪಿಯು ಕೊಟ್ಟ ವಿಎಂನಲ್ಲಿ ಭಾರೀ ರಿಪೋರ್ಟ್ ತೆಗೆಯುವಾಗಲೂ 25–30% ದಾಟುವುದಿಲ್ಲ ಅಂದರೆ, ನಾಲ್ಕರಲ್ಲಿ ಒಂದೇ ದುಡಿಯುತ್ತಿದೆ ಎಂದರ್ಥ. ಇದು ಕಾಕತಾಳೀಯ ಅಲ್ಲ. ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ಗೆ ಮೈಕ್ರೋಸಾಫ್ಟ್ ಇಟ್ಟಿರುವ ಮಿತಿ ಹೀಗಿದೆ: ಒಂದು ಸಾಕೆಟ್ ಅಥವಾ ನಾಲ್ಕು ಕೋರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಹಳೆಯ ಕಡೆ 1 ಸಾಕೆಟ್, 4 ಕೋರ್ ಇತ್ತು, ನಾಲ್ಕೂ ಬಳಕೆಗೆ ಸಿಕ್ಕವು. ಹೊಸದರಲ್ಲಿ 4 ಸಾಕೆಟ್, ತಲಾ 1 ಕೋರ್. ಒಂದು ಸಾಕೆಟ್‌ಗಿಂತ ಜಾಸ್ತಿ ಮುಟ್ಟುವ ಹಾಗಿಲ್ಲ, ಆ ಸಾಕೆಟ್‌ನಲ್ಲಿ ಇರುವುದೇ ಒಂದು ಕೋರ್. ಕಣ್ಣಾರೆ ನೋಡಬೇಕಾದರೆ ಎಸ್‌ಕ್ಯೂಎಲ್‌ನ ಎರರ್ ಲಾಗ್ ತೆರೆಯಿರಿ. ಸರ್ವಿಸ್ ಶುರುವಾದ ಹೊತ್ತಿನ ಸಾಲುಗಳಲ್ಲಿ, ಎಷ್ಟು ಸಾಕೆಟ್ ಕಂಡವು, ತಲಾ ಎಷ್ಟು ಕೋರ್, ಲೈಸೆನ್ಸ್ ಪ್ರಕಾರ ಎಷ್ಟು ಪ್ರೊಸೆಸರ್ ಬಳಸುತ್ತಿದೆ ಎಂದು ಒಂದೇ ವಾಕ್ಯದಲ್ಲಿ ಬರೆದಿರುತ್ತದೆ. ಅಲ್ಲಿ ‘1’ ಕಂಡರೆ ಅನುಮಾನವೇ ಬೇಡ.

ಈಗ ಗೆಳೆಯರ ಸಲಹೆ ನೋಡಿ. ತಲಾ 1 ಕೋರ್ ಎಂಬುದನ್ನು ಹಾಗೇ ಬಿಟ್ಟು 16 ಸಾಕೆಟ್ ಮಾಡಿದರೆ ಡೇಟಾಬೇಸ್‌ಗೆ ಸಿಗುವುದು ಆಗಲೂ ಒಂದೇ. ಉಳಿದ 15 ಸುಮ್ನೆ ಕೂತಿರುತ್ತವೆ. ವಿಎಂ ಆಫ್ ಮಾಡಿ, ಸಾಕೆಟ್ 1, ಕೋರ್ 4 ಎಂದು ಬದಲಿಸಿ, ಆನ್ ಮಾಡಿ. ಖರ್ಚಿಲ್ಲ, ಐದು ನಿಮಿಷದ ಕೆಲಸ.

ರ‍್ಯಾಮ್ ವಿಷಯವೂ ಇದೇ ಜಾತಿಯದು. ಎಕ್ಸ್‌ಪ್ರೆಸ್ ಆವೃತ್ತಿ ಡೇಟಾ ಇಟ್ಟುಕೊಳ್ಳಲು ಬಳಸುವ ಬಫರ್ ಪೂಲ್‌ಗೆ 1410 ಎಂಬಿ ಮಿತಿ ಇದೆ. ನೀವು 32 ಜಿಬಿ ಕೊಡಿ, 64 ಕೊಡಿ, ಅದಕ್ಕಿಂತ ಜಾಸ್ತಿ ಅದು ಮುಟ್ಟುವುದಿಲ್ಲ. ನಿಮ್ಮ ಡೇಟಾಬೇಸ್ ಐದಾರು ಜಿಬಿ ಇದ್ದರೆ ರಿಪೋರ್ಟ್ ತೆಗೆದಾಗಲೆಲ್ಲ ಡಿಸ್ಕ್‌ನಿಂದಲೇ ಓದಬೇಕು. ಹಾಗಾಗಿ ನಿಮ್ಮ ಕೆಲಸಕ್ಕೆ ಡಿಸ್ಕೇ ಜೀವಾಳ.

ಇನ್ನು ಆ ಡಿಸ್ಕ್. 100% ಬ್ಯುಸಿ, ಆದರೆ 2–3 ಎಂಬಿ ಮಾತ್ರ. ಡಿಸ್ಕ್ ತುಂಬಾ ಡೇಟಾ ಸಾಗಿಸುತ್ತಾ ಇಲ್ಲ, ಪ್ರತಿ ಸಣ್ಣ ಕೆಲಸಕ್ಕೂ ಕಾಯುತ್ತಾ ಇದೆ ಎಂದು ಇದರ ಅರ್ಥ. ಕಾಯುವಿಕೆ ಎರಡು ಜಾಗದಲ್ಲಿ ಆಗುತ್ತಿದೆ.

ಒಂದು, ವಿಎಂ ಒಳಗಿನ ಸಾಟಾ. ಅದು ನಿಜವಾದ ಸಾಟಾ ಕಂಟ್ರೋಲರ್ ಅಲ್ಲ, ಸಾಫ್ಟ್‌ವೇರ್‌ನಲ್ಲಿ ಕಟ್ಟಿದ ವೇಷ. ವಿಂಡೋಸ್ ಅದನ್ನು ನಿಜ ಎಂದು ನಂಬಿ ರಿಜಿಸ್ಟರ್‌ಗಳಲ್ಲಿ ಬರೆಯುತ್ತದೆ. ಹಾಗೆ ಬರೆದಾಗ ವಿಎಂ ನಿಂತು, ಹೈಪರ್‌ವೈಸರ್ ಎದ್ದು, ಏನು ಕೇಳಿದ್ದೆಂದು ನೋಡಿ, ಮತ್ತೆ ವಿಎಂ ಓಡಬೇಕು. ವರ್ಟ್‌ಐಒ ಹಾಗಲ್ಲ. ‘ನಾನು ವಿಎಂ ಒಳಗಿದ್ದೇನೆ’ ಎಂದು ತಿಳಿದುಕೊಂಡೇ ಬರೆದ ಡ್ರೈವರ್ ಅದು. ಎರಡೂ ಕಡೆಯವರು ಹಂಚಿಕೊಂಡ ಮೆಮೊರಿಯಲ್ಲಿ ಹತ್ತಾರು ಬೇಡಿಕೆಗಳನ್ನು ಇಟ್ಟು ಒಂದೇ ಸಲ ತಟ್ಟಿ ಹೇಳುತ್ತದೆ. ಇ1000 ನೆಟ್‌ವರ್ಕ್ ಕಾರ್ಡ್‌ಗೂ ಇದೇ ಮಾತು.

ಎರಡನೆಯದು ಇನ್ನೂ ದೊಡ್ಡದು, ಜನ ಸಾಮಾನ್ಯವಾಗಿ ನೋಡದೇ ಬಿಡುವುದೂ ಇದನ್ನೇ. ಬಿಲ್ ಸೇವ್ ಮಾಡಿದಾಗ ಎಸ್‌ಕ್ಯೂಎಲ್ ಸರ್ವರ್ ತನ್ನ ಲಾಗ್ ಫೈಲ್‌ಗೆ ಬರೆದು, ‘ಪಕ್ಕಾ ಬರೆದಾಯಿತಾ?’ ಎಂದು ಕೇಳಿ ಉತ್ತರಕ್ಕೆ ಕಾಯುತ್ತದೆ. ಉತ್ತರ ಬರುವ ತನಕ ನಿಮ್ಮ ಬಿಲ್ ಸೇವ್ ಆಗುವುದಿಲ್ಲ. ಹಳೆಯ ಸರ್ವರ್‌ನಲ್ಲಿ ಆ ಬರಹ ರೇಡ್ ಕಾರ್ಡಿನ ಮೆಮೊರಿಗೆ ಬಿದ್ದ ಕೂಡಲೇ ಕಾರ್ಡ್ ‘ಆಯಿತು’ ಎನ್ನುತ್ತಿತ್ತು. ಅಂಚೆ ಕಚೇರಿಯ ಕೌಂಟರ್‌ನಲ್ಲಿ ಸ್ಪೀಡ್ ಪೋಸ್ಟ್ ಪತ್ರ ಕೊಟ್ಟ ತಕ್ಷಣ ರಸೀದಿ ಸಿಗುವ ಹಾಗೆ. ಪತ್ರ ಊರು ಮುಟ್ಟುವ ತನಕ ನೀವು ಅಲ್ಲೇ ನಿಲ್ಲಬೇಕಾಗಿಲ್ಲ. ಕರೆಂಟ್ ಹೋದರೂ ಬ್ಯಾಟರಿ ಆ ಮೆಮೊರಿಯನ್ನು ಕಾಯುತ್ತಿದ್ದರಿಂದ ಆ ರಸೀದಿಗೆ ಬೆಲೆ ಇತ್ತು. ಹಾರ್ಡ್‌ಡಿಸ್ಕ್‌ಗಳು ಎಷ್ಟೇ ಹಳೆಯವಾಗಿದ್ದರೂ ಬಿಲ್ ಬೇಗ ಸೇವ್ ಆಗುತ್ತಿದ್ದುದು ಇದರಿಂದಲೇ.

ಹೊಸ ಸರ್ವರ್‌ನಲ್ಲಿ ಆ ಕಾರ್ಡ್ ಇಲ್ಲ. ಜೆಡ್‌ಎಫ್‌ಎಸ್ ಪ್ರಾಮಾಣಿಕ, ಎಸ್‌ಎಸ್‌ಡಿಯೊಳಗಿನ ಫ್ಲಾಶ್‌ಗೆ ನಿಜವಾಗಿ ಬರೆದಾಗುವ ತನಕ ‘ಆಯಿತು’ ಅನ್ನುವುದಿಲ್ಲ. ಮಾಮೂಲಿ ಎಸ್‌ಎಸ್‌ಡಿಗಳು ದೊಡ್ಡ ಫೈಲ್ ಕಾಪಿ ಮಾಡುವಾಗ ಹಾರುತ್ತವೆ, ಡಬ್ಬದ ಮೇಲೆ ಹಾಕಿರುವ ವೇಗವೂ ಅದೇ. ಆದರೆ ಇಂತಹ ಸಣ್ಣ, ಕಾದು ಬರೆಯುವ ಬರಹದಲ್ಲಿ ಸೊರಗುತ್ತವೆ. ಸರ್ವರ್‌ಗೆಂದೇ ಮಾಡಿದ ಎಸ್‌ಎಸ್‌ಡಿಗಳಲ್ಲಿ ಪವರ್ ಲಾಸ್ ಪ್ರೊಟೆಕ್ಷನ್ ಇರುತ್ತದೆ. ಒಳಗೆ ಪುಟ್ಟ ಕೆಪಾಸಿಟರ್‌ಗಳಿದ್ದು, ಕರೆಂಟ್ ಹೋದರೂ ತನ್ನ ಮೆಮೊರಿಯಲ್ಲಿರುವುದನ್ನು ಫ್ಲಾಶ್‌ಗೆ ಇಳಿಸುವಷ್ಟು ಶಕ್ತಿ ಅವುಗಳಲ್ಲಿ ಉಳಿದಿರುತ್ತದೆ. ಹಾಗಾಗಿ ಧೈರ್ಯವಾಗಿ ತಕ್ಷಣ ‘ಆಯಿತು’ ಅನ್ನುತ್ತವೆ.

ನನ್ನ ಮಾತು ನಂಬಬೇಕಾಗಿಲ್ಲ, ಅಳೆದು ನೋಡಿ. ಪ್ರಾಕ್ಸ್‌ಮಾಕ್ಸ್ ಜೊತೆಗೇ ಬರುವ ಪಿವಿಇಪರ್ಫ್ ಎಂಬ ಟೂಲ್ ಇದೆ. ನಿಮ್ಮ ಪೂಲ್‌ನ (ಜೆಡ್‌ಎಫ್‌ಎಸ್ ಒಟ್ಟು ಮಾಡಿರುವ ಡಿಸ್ಕ್‌ಗಳ) ದಾರಿ ಕೊಟ್ಟು ಓಡಿಸಿದರೆ ಸೆಕೆಂಡಿಗೆ ಎಷ್ಟು ಎಫ್‌ಸಿಂಕ್, ಅಂದರೆ ಪಕ್ಕಾ ಬರೆಯುವ ಕೋರಿಕೆ, ಪೂರೈಸಿತು ಎಂದು ತೋರಿಸುತ್ತದೆ. ಪವರ್ ಲಾಸ್ ಪ್ರೊಟೆಕ್ಷನ್ ಇರುವ ಡಿಸ್ಕ್‌ಗಳಲ್ಲಿ ಅದು ಸಾವಿರಗಳಲ್ಲಿ ಬರುತ್ತದೆ, ಮಾಮೂಲಿ ಎಸ್‌ಎಸ್‌ಡಿಗಳಲ್ಲಿ ಹೆಚ್ಚಾಗಿ ನೂರರ ಲೆಕ್ಕಕ್ಕೆ ಇಳಿಯುತ್ತದೆ. ವಿಂಡೋಸ್ ಒಳಗೆ ಪರ್ಫಾರ್ಮೆನ್ಸ್ ಮಾನಿಟರ್ ತೆರೆದು, ಡಿಸ್ಕ್‌ನ ಒಂದೊಂದು ರೈಟ್‌ಗೆ ಸರಾಸರಿ ಎಷ್ಟು ಸೆಕೆಂಡ್ ಹಿಡಿಯುತ್ತದೆ ಎನ್ನುವ ಕೌಂಟರ್ ಹಾಕಿಡಿ. ಲಾಗ್ ಫೈಲ್ ಇರುವ ಡ್ರೈವ್‌ನಲ್ಲಿ 10 ಮಿಲಿಸೆಕೆಂಡ್ ಒಳಗಿದ್ದರೆ ಚಿಂತೆ ಇಲ್ಲ. ಸತತವಾಗಿ 20 ದಾಟಿದರೆ ಡಿಸ್ಕ್ ಕಡೆಗೇ ಕೈ ಹಾಕಬೇಕು. ಈ ಎರಡು ಅಂಕಿಗಳನ್ನು ಏನೂ ಬದಲಿಸುವ ಮೊದಲೇ ಬರೆದಿಟ್ಟುಕೊಳ್ಳಿ. ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ಸ್ಟಾಕ್ ರಿಪೋರ್ಟ್ ತೆಗೆದು ಹೋಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದು ಕೆಡಿಸಿತು ಎಂದು ಎಂದೂ ಗೊತ್ತಾಗುವುದಿಲ್ಲ.

ಈಗ ‘ಅನ್‌ಸೇಫ್’ ಕ್ಯಾಶ್. ದಯವಿಟ್ಟು ಬೇಡ. ಹಾಕಿದರೆ ಬಿಲ್ ಹಾರಿಕೊಂಡು ಸೇವ್ ಆಗುವುದು ನಿಜ. ಆದರೆ ಅದು ಮಾಡುವುದು ಇಷ್ಟೇ: ಡೇಟಾಬೇಸ್ ‘ಪಕ್ಕಾ ಬರೆದಾಯಿತಾ?’ ಎಂದು ಕೇಳಿದರೆ, ಬರೆಯದೆಯೇ ‘ಆಯಿತು’ ಅನ್ನುತ್ತದೆ. ಯುಪಿಎಸ್ ಕೈಕೊಟ್ಟ ದಿನ ಡೇಟಾಬೇಸೇ ಕೆಟ್ಟು ಕೂರಬಹುದು. ಜೆಡ್‌ಎಫ್‌ಎಸ್‌ನಲ್ಲಿ ಸಿಂಕ್ ಅನ್ನೇ (ಹೀಗೆ ಕಾದು ಬರೆಯುವುದನ್ನೇ) ನಿಷ್ಕ್ರಿಯ ಮಾಡಿ ಎಂಬ ಸಲಹೆಯೂ ನಿಮಗೆ ಬರಬಹುದು. ಅದರಲ್ಲಿ ಪೂಲ್ ಕೆಡುವುದಿಲ್ಲ, ಆದರೆ ಕೊನೆಯ ಐದು ಸೆಕೆಂಡ್‌ನಷ್ಟು ಬರಹ ಹೋಗಬಹುದು. ಔಷಧಿ ವ್ಯಾಪಾರದಲ್ಲಿ ಇದು ಸಣ್ಣ ಮಾತಲ್ಲ. ಬಿಲ್ ಪ್ರಿಂಟ್ ಆಗಿ, ಮಾಲು ಗಾಡಿ ಹತ್ತಿರುತ್ತದೆ, ಡೇಟಾಬೇಸ್‌ನಲ್ಲಿ ಆ ಬಿಲ್ಲೇ ಇಲ್ಲ. ಬ್ಯಾಚ್ ನಂಬರ್ ಹಿಡಿದು ಹುಡುಕುವ ದಿನ ಏನು ಮಾಡುತ್ತೀರಿ? ‘ರೈಟ್‌ಬ್ಯಾಕ್’ ಎಂಬ ಇನ್ನೊಂದು ಕ್ಯಾಶ್ ಇದೆ. ಅದು ಡೇಟಾಬೇಸ್‌ನ ಕೋರಿಕೆಯನ್ನು ಪಾಲಿಸುತ್ತದೆ, ಅಷ್ಟು ಅಪಾಯ ಇಲ್ಲ. ಆದರೆ ಪಾಲಿಸುವ ಕಾರಣಕ್ಕೇ ನಿಮ್ಮ ಬಿಲ್ ಸೇವ್ ಆಗುವ ವೇಗಕ್ಕೆ ಅದರಿಂದ ದೊಡ್ಡ ಲಾಭವೂ ಇಲ್ಲ.

ಸಾಟಾದಿಂದ ವರ್ಟ್‌ಐಒಗೆ ಹೋಗುವ ಕೆಲಸ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನೀವು ಸಿಕ್ಕಿಹಾಕಿಕೊಂಡದ್ದು ಅಲ್ಲೇ ಅಲ್ವಾ. ನೀಲಿ ಸ್ಕ್ರೀನ್ ಬಂದದ್ದು ಡಿಸ್ಕ್ ಕೆಟ್ಟಿದ್ದರಿಂದ ಅಲ್ಲ. ಬೂಟ್ ಆಗುವ ಹೊತ್ತಿಗೆ ಬೇಕಾದ ಡ್ರೈವರ್ ವಿಂಡೋಸ್ ಬಳಿ ಇರಲಿಲ್ಲ. ಡ್ರೈವರ್ ಇನ್‌ಸ್ಟಾಲ್ ಮಾಡಿದರೆ ಸಾಲದು; ಆ ಜಾತಿಯ ಒಂದು ಡಿಸ್ಕನ್ನು ವಿಂಡೋಸ್ ಒಮ್ಮೆಯಾದರೂ ಕಣ್ಣಾರೆ ನೋಡಿರಬೇಕು. ಆಗಲೇ ಅದು ಆ ಡ್ರೈವರನ್ನು ಬೂಟ್ ಪಟ್ಟಿಗೆ ಸೇರಿಸಿಕೊಳ್ಳುತ್ತದೆ.

ಮೊದಲು ಪೂರ್ತಿ ಬ್ಯಾಕಪ್ ತೆಗೆದುಕೊಳ್ಳಿ, ಅದನ್ನು ಬೇರೆ ವಿಎಂ ಆಗಿ ರಿಸ್ಟೋರ್ ಮಾಡಿ ನೋಡಿ. ಆಮೇಲೆ ವರ್ಟ್‌ಐಒ-ವಿನ್ ಐಎಸ್‌ಒ ಫೈಲನ್ನು ಸಿಡಿಯಾಗಿ ಸೇರಿಸಿ, ಅದರಲ್ಲಿರುವ ಡ್ರೈವರ್‌ಗಳನ್ನೂ ಗೆಸ್ಟ್ ಏಜೆಂಟನ್ನೂ ಇನ್‌ಸ್ಟಾಲ್ ಮಾಡಿ. ವಿಎಂ ಆಫ್ ಮಾಡಿ. ಕಂಟ್ರೋಲರ್ ಜಾತಿ ‘ವರ್ಟ್‌ಐಒ ಸ್ಕಸಿ ಸಿಂಗಲ್’ ಇರಲಿ. 1 ಜಿಬಿಯ ಒಂದು ಖಾಲಿ ಡಿಸ್ಕನ್ನು ಸ್ಕಸಿ ಎಂದು ಸೇರಿಸಿ. ನಿಮ್ಮ ಮುಖ್ಯ ಡಿಸ್ಕ್ ಸಾಟಾದಲ್ಲೇ ಇರಲಿ. ಬೂಟ್ ಮಾಡಿ, ಡಿವೈಸ್ ಮ್ಯಾನೇಜರ್‌ನಲ್ಲಿ ರೆಡ್ ಹ್ಯಾಟ್ ಹೆಸರಿನ ಸ್ಕಸಿ ಕಂಟ್ರೋಲರ್ ಕಾಣಿಸುತ್ತಾ ನೋಡಿ. ಕಂಡರೆ ಮತ್ತೆ ಆಫ್ ಮಾಡಿ. ಖಾಲಿ ಡಿಸ್ಕ್ ತೆಗೆದುಹಾಕಿ. ಮುಖ್ಯ ಡಿಸ್ಕನ್ನು ಡಿಟ್ಯಾಚ್ ಮಾಡಿದರೆ ಅದು ‘ಅನ್‌ಯೂಸ್ಡ್’ ಎಂದು ಕೆಳಗೆ ಕೂರುತ್ತದೆ, ಗಾಬರಿಯಾಗಿ ಡಿಲೀಟ್ ಒತ್ತಬೇಡಿ. ಅದನ್ನು ಸ್ಕಸಿಯಾಗಿ ಮತ್ತೆ ಸೇರಿಸಿ, ಐಒ ಥ್ರೆಡ್ ಮತ್ತು ಡಿಸ್ಕಾರ್ಡ್ ಎರಡಕ್ಕೂ ಟಿಕ್ ಹಾಕಿ. ಕೊನೆಗೆ ಬೂಟ್ ಆರ್ಡರ್‌ನಲ್ಲಿ ಆ ಡಿಸ್ಕನ್ನು ಆಯ್ಕೆ ಮಾಡಿ. ಇದನ್ನು ಮರೆತು ‘ಬೂಟ್ ಆಗುವ ಡಿಸ್ಕೇ ಇಲ್ಲ’ ಎಂದು ಹೆದರುವವರು ತುಂಬಾ ಜನ. ಹೀಗೂ ಬೂಟ್ ಆಗಲಿಲ್ಲವೇ? ವಾಪಸ್ ಸಾಟಾ ಮಾಡಿದರೆ ಮೊದಲಿನ ಹಾಗೆ ಎದ್ದು ಕೂರುತ್ತದೆ, ಡೇಟಾ ಎಲ್ಲೂ ಹೋಗಿರುವುದಿಲ್ಲ. ಎರಡನೇ ಡಿಸ್ಕ್ ಏನಾದರೂ ಇದ್ದರೆ ವಿಂಡೋಸ್ ಅದನ್ನು ಕೆಲವೊಮ್ಮೆ ಆಫ್‌ಲೈನ್ ಎಂದು ಇಟ್ಟುಬಿಡುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆನ್‌ಲೈನ್ ಮಾಡಿದರೆ ಸಾಕು.

ನೆಟ್‌ವರ್ಕ್ ಕಾರ್ಡ್ ಬದಲಿಸುವಾಗ ಐಪಿ ವಿಳಾಸ ಬರೆದಿಟ್ಟುಕೊಳ್ಳಿ. ಹೊಸ ಕಾರ್ಡ್‌ಗೆ ಅದೇ ಐಪಿ ಕೊಟ್ಟರೆ ‘ಬೇರೆ ಅಡಾಪ್ಟರ್‌ಗೆ ಈಗಾಗಲೇ ಕೊಟ್ಟಿದೆ’ ಎಂದು ವಿಂಡೋಸ್ ತಕರಾರು ತೆಗೆಯಬಹುದು. ಹಳೆಯ ಕಾರ್ಡ್ ಡಿವೈಸ್ ಮ್ಯಾನೇಜರ್‌ನಲ್ಲಿ ಅಡಗಿ ಕೂತಿರುತ್ತದೆ. ಅಡಗಿದ ಡಿವೈಸ್‌ಗಳನ್ನು ತೋರಿಸು ಎಂದು ಕೊಟ್ಟು, ಅದನ್ನು ತೆಗೆಯಿರಿ. ವಿಎಂವೇರ್ ಟೂಲ್ಸ್ ಇನ್ನೂ ಒಳಗಿದ್ದರೆ ಈಗ ಅದರ ಅನ್‌ಇನ್‌ಸ್ಟಾಲ್ ಹಟ ಮಾಡುತ್ತದೆ, ಯಾಕೆಂದರೆ ತಾನು ವಿಎಂವೇರ್ ಮೇಲಿಲ್ಲ ಎಂದು ಅದಕ್ಕೆ ಗೊತ್ತಾಗಿರುತ್ತದೆ. ಮುಂದೆ ಬೇರೆ ವಿಎಂಗಳನ್ನು ತರುವಾಗ ಅದನ್ನು ಹಳೆಯ ಕಡೆಯೇ ತೆಗೆದು ತನ್ನಿ.

ಇನ್ನೆರಡು ಸೆಟ್ಟಿಂಗ್ ನೋಡಿ. ವಿಎಂನ ಓಎಸ್ ಜಾತಿ ವಿಂಡೋಸ್ ಎಂದೇ ಇದೆಯಾ? ಕೈಯಾರೆ ವಿಎಂ ಮಾಡುವಾಗ ಲಿನಕ್ಸ್ ಎಂದೇ ಉಳಿದುಬಿಡುವುದುಂಟು. ವಿಂಡೋಸ್ ಎಂದು ಕೊಟ್ಟರೆ ಪ್ರಾಕ್ಸ್‌ಮಾಕ್ಸ್ ಹೈಪರ್-ವಿ ಮಾದರಿಯ ಕೆಲವು ಸೌಲಭ್ಯಗಳನ್ನು ವಿಎಂಗೆ ತೆರೆದು ಕೊಡುತ್ತದೆ. ಗಡಿಯಾರ ನೋಡುವಂತಹ, ಕ್ಷಣಕ್ಷಣಕ್ಕೂ ನಡೆಯುವ ಕೆಲಸಗಳು ಅದರಿಂದ ಹಗುರವಾಗುತ್ತವೆ. ಎರಡನೆಯದು ಸಿಪಿಯು ಜಾತಿ. ಹಳೆಯ ಸಲಹೆ ನೋಡಿ ‘ಕೆವಿಎಂ64’ ಎಂದು ಕೊಟ್ಟಿದ್ದರೆ ಎನ್‌ಕ್ರಿಪ್ಷನ್‌ಗೆ ಬೇಕಾದ ಎಇಎಸ್ ಸೂಚನೆಗಳೂ ಸಿಗುವುದಿಲ್ಲ. ‘ಹೋಸ್ಟ್’ ಎಂದು ಕೊಟ್ಟರೆ ಎಲ್ಲವೂ ಸಿಗುತ್ತದೆ ಎಂಬುದು ಸರಿ, ಆದರೆ ಕೆಲವು ವಿಂಡೋಸ್ ವಿಎಂಗಳಲ್ಲಿ ಅದರಿಂದಲೇ ವೇಗ ಇಳಿಯುವುದುಂಟು. ವರ್ಚುವಲೈಸೇಷನ್ ಸೌಲಭ್ಯ ಕಂಡ ವಿಂಡೋಸ್ ತನ್ನ ಭದ್ರತೆಗೆಂದು ಒಳಗೇ ಇನ್ನೊಂದು ಹೈಪರ್‌ವೈಸರ್ ಎಬ್ಬಿಸಿಕೊಳ್ಳಬಹುದು, ವಿಎಂ ಒಳಗೆ ಅದು ಭಾರ. ಪ್ರಾಕ್ಸ್‌ಮಾಕ್ಸ್ 8ರಲ್ಲಿ ಹೊಸ ವಿಎಂಗೆ ತಾನಾಗಿ ಬರುವ ‘ಎಕ್ಸ್86-64-ವಿ2-ಎಇಎಸ್’ ನಿಮಗೆ ಸಾಕು.

ಮಧ್ಯಾಹ್ನದ ತೊಂದರೆಗೆ ಕಾರಣ ನಿಮ್ಮ ಬ್ಯಾಕಪ್ಪೇ. ಬ್ಯಾಕಪ್ ಓಡುತ್ತಿರುವಾಗ ವಿಎಂ ಒಂದು ಜಾಗದಲ್ಲಿ ಹೊಸದಾಗಿ ಬರೆಯಲು ಹೊರಟರೆ, ಪ್ರಾಕ್ಸ್‌ಮಾಕ್ಸ್ ಅಲ್ಲಿನ ಹಳೆಯ ಡೇಟಾವನ್ನು ಮೊದಲು ಬ್ಯಾಕಪ್‌ಗೆ ಕಳಿಸಿ, ಆಮೇಲೆ ಬರೆಯಲು ಬಿಡುತ್ತದೆ. ನಿಧಾನದ ಎನ್‌ಎಎಸ್ ಇದ್ದರೆ ನಿಮ್ಮ ಬಿಲ್ ಆ ಎನ್‌ಎಎಸ್‌ಗೂ ಕಾಯುತ್ತದೆ. ರಾತ್ರಿಗೆ ಹಾಕಿ. ಮಧ್ಯಾಹ್ನ ಬೇಕೇ ಬೇಕೆಂದರೆ 8.2ರಿಂದ ಫ್ಲೀಸಿಂಗ್ ಎಂಬ ಆಯ್ಕೆ ಇದೆ, ಹಳೆಯ ಡೇಟಾವನ್ನು ಲೋಕಲ್ ಡಿಸ್ಕ್‌ನಲ್ಲೇ ತಾತ್ಕಾಲಿಕವಾಗಿ ಇಟ್ಟುಕೊಳ್ಳುತ್ತದೆ. ಮಧ್ಯಾಹ್ನಕ್ಕೆ ಎಸ್‌ಕ್ಯೂಎಲ್‌ನ ಸ್ವಂತ ಬ್ಯಾಕಪ್ ಒಂದೇ ಸಾಕೆಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಪುಕ್ಕಟೆ ಕೆಲಸಗಳು. ಸಾಕೆಟ್ ಸರಿಮಾಡಿದ ಮೇಲೆ ರಿಪೋರ್ಟ್ ಬೇಗ ಬರಬೇಕು, ವರ್ಟ್‌ಐಒ ಮಾಡಿದ ಮೇಲೆ ಒಟ್ಟಾರೆ ಚುರುಕಾಗಬೇಕು. ಆದರೂ ಬಿಲ್ ಸೇವ್ ಆಗಲು ಎರಡು ಮೂರು ಸೆಕೆಂಡ್ ಹಿಡಿಯುತ್ತಿದ್ದರೆ, ಅದು ಎಸ್‌ಎಸ್‌ಡಿಯದೇ ಮಿತಿ. ಆಗ ಮಾಲೀಕರ ಹತ್ತಿರ ದುಡ್ಡು ಕೇಳಲೇಬೇಕು. ಪವರ್ ಲಾಸ್ ಪ್ರೊಟೆಕ್ಷನ್ ಇರುವ ಎರಡು ಎಸ್‌ಎಸ್‌ಡಿ ತಂದು ಮಿರರ್ ಮಾಡುವುದು ನೇರ ದಾರಿ, ನಾನು ಅದನ್ನೇ ಹೇಳುತ್ತೇನೆ. ಕಡಿಮೆ ಖರ್ಚಿನಲ್ಲಿ ಬೇಕೆಂದರೆ ಅಂತಹ ಒಂದು ಸಣ್ಣ ಎಸ್‌ಎಸ್‌ಡಿಯನ್ನು ಜೆಡ್‌ಎಫ್‌ಎಸ್‌ನ ಲಾಗ್ ಡಿಸ್ಕ್ ಆಗಿ ಸೇರಿಸಬಹುದು. ಕಾದು ಬರೆಯುವ ಬರಹಗಳೆಲ್ಲ ಮೊದಲು ಅದಕ್ಕೆ ಹೋಗುತ್ತವೆ. ಹಳೆಯ ರೇಡ್ ಕಾರ್ಡನ್ನೇ ಹೊಸ ಸರ್ವರ್‌ಗೆ ಹಾಕುವ ಯೋಚನೆ ಇದ್ದರೆ ಬ್ಯಾಟರಿ ಚೆನ್ನಾಗಿದೆಯಾ ನೋಡಿ, ಸತ್ತಿದ್ದರೆ ಕಾರ್ಡ್ ತನ್ನ ರೈಟ್ ಕ್ಯಾಶನ್ನು ತಾನೇ ನಿಲ್ಲಿಸಿರುತ್ತದೆ. ಆ ಕಾರ್ಡಿನ ಮೇಲೆ ಜೆಡ್‌ಎಫ್‌ಎಸ್ ಬೇಡ, ಪ್ರಾಕ್ಸ್‌ಮಾಕ್ಸ್‌ನಲ್ಲಿರುವ ಇನ್ನೊಂದು ಸ್ಟೋರೇಜ್ ವಿಧಾನ ಎಲ್‌ವಿಎಂ-ಥಿನ್ ಹಾಕಿ. ಜೆಡ್‌ಎಫ್‌ಎಸ್‌ಗೆ ಡಿಸ್ಕ್‌ಗಳು ನೇರವಾಗಿ ಕಾಣಬೇಕು.

ಹೋಸ್ಟ್‌ನ, ಅಂದರೆ ವಿಎಂ ಓಡುತ್ತಿರುವ ಸರ್ವರ್‌ನ, ರ‍್ಯಾಮ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಹಳೆಯ ಪ್ರಾಕ್ಸ್‌ಮಾಕ್ಸ್‌ನಲ್ಲಿ ಜೆಡ್‌ಎಫ್‌ಎಸ್ ತನ್ನ ಕ್ಯಾಶ್‌ಗೆ ಅರ್ಧ ರ‍್ಯಾಮ್ ತನಕ ತೆಗೆದುಕೊಳ್ಳುತ್ತಿತ್ತು. 8.1ರಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಶೇ. 10, ಹೆಚ್ಚೆಂದರೆ 16 ಜಿಬಿ. ಡೇಟಾಬೇಸ್ ವಿಎಂಗೆ ಬಲೂನಿಂಗ್ (ವಿಎಂಗೆ ಕೊಟ್ಟ ರ‍್ಯಾಮ್ ವಾಪಸ್ ಪಡೆಯುವ ಸೌಲಭ್ಯ) ಆಫ್ ಮಾಡಿ, 16 ಜಿಬಿಗೆ ವಾಪಸ್ ಇಳಿಸಿ. ಜೆಡ್‌ಎಫ್‌ಎಸ್ ಕ್ಯಾಶ್‌ನ ಮಿತಿ ಏರಿಸಿ ಉಳಿದದ್ದನ್ನು ಅದಕ್ಕೆ ಬಿಟ್ಟರೆ ಎಕ್ಸ್‌ಪ್ರೆಸ್‌ನ 1410 ಎಂಬಿ ಮಿತಿಯಿಂದಾಗುವ ಓದಿನ ಹೊರೆ ಅಲ್ಲಿಯಾದರೂ ಸ್ವಲ್ಪ ತಗ್ಗುತ್ತದೆ.

ಕೊನೆಗೆ ಹಳೆಯ ಸರ್ವರ್ ಬಗ್ಗೆ. ಒಂದು ತಿಂಗಳು ಇಟ್ಟುಕೊಳ್ಳಿ, ಆದರೆ ನೆಟ್‌ವರ್ಕ್ ಕೇಬಲ್ ಕಿತ್ತಿಡಿ, ವಿಎಂನ ಆಟೋಸ್ಟಾರ್ಟ್ ತೆಗೆಯಿರಿ. ಕರೆಂಟ್ ಹೋಗಿ ಬಂದಾಗ ಎರಡೂ ವಿಎಂಗಳು ಒಂದೇ ಐಪಿಯಲ್ಲಿ ಎದ್ದರೆ, ಅರ್ಧ ಜನ ಹಳೆಯ ಡೇಟಾಬೇಸ್‌ಗೆ ಬಿಲ್ ಹಾಕಲು ಶುರು ಮಾಡುತ್ತಾರೆ. ಆ ಬಿಲ್‌ಗಳನ್ನು ಆಮೇಲೆ ಒಂದೊಂದಾಗಿ ಕೈಯಾರೆ ಹೊಸದಕ್ಕೆ ಹಾಕಬೇಕಾಗುತ್ತದೆ.